ಕಾಲಿಗಿಂತ ಮೊದಲೇ ಬ್ರೇಕ್ ಹಾಕುವ ಮಿದುಳು

ಡಿಕ್ಕಿ ಎಚ್ಚರಿಕೆಯ ಸದ್ದು ಚಾಲಕನ ಕಿವಿಗೆ ಬಿದ್ದರೆ ಸಾಲದು, ಮಿದುಳಿಗೆ ನಾಟಬೇಕು. ನಾಟಿತೇ ಎಂದು ತೋರಿಸಬಲ್ಲದ್ದು ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಇಇಜಿ ಟೊಪ್ಪಿ. ಗಮನ ಸೆಳೆದ ಸದ್ದಿಗೆ ಸುಮಾರು 300 ಮಿಲಿಸೆಕೆಂಡಿನಲ್ಲಿ ಪಿ300 ಎಂಬ ಅಲೆ ಏಳುತ್ತದೆ.

ಟೊಪ್ಪಿ ತೊಡಿಸುವುದೇ ನಾಜೂಕಿನ ಕೆಲಸ. ಕೂದಲು ಸರಿಸಿ, ಒಂದೊಂದು ಎಲೆಕ್ಟ್ರೋಡಿನಡಿಗೂ ಸಿರಿಂಜಿನಿಂದ ಜೆಲ್ ತುಂಬಬೇಕು. ಸಿಗುವ ಸಂಕೇತವೋ, ಕೆಲವೇ ಮೈಕ್ರೋವೋಲ್ಟ್. ಒಮ್ಮೆ ಕಣ್ಣು ಮಿಟುಕಿಸಿದರೂ ಮುಳುಗಿಹೋಗುವಷ್ಟು ಕ್ಷೀಣ!

ಅಂಥ ಸಂಕೇತದಿಂದ ಬರ್ಲಿನ್ನಿನ ಸಂಶೋಧಕರು 2011ರಲ್ಲಿ ಮಾಡಿದ್ದು ನಿಜಕ್ಕೂ ಬೆರಗಿನದು. ಸಿಮ್ಯುಲೇಟರಿನಲ್ಲಿ 18 ಮಂದಿ ಕಾರು ಓಡಿಸಿದರು. ಮುಂದಿನ ಕಾರು ಹಠಾತ್ತನೆ ಬ್ರೇಕ್ ಹಾಕಿದಾಗ, ಮಿದುಳು ಮತ್ತು ಕಾಲಿನ ಸ್ನಾಯುಗಳ ಸಂಕೇತಗಳನ್ನು ಓದಿ, ಪೆಡಲ್ ಅದುಮುವುದಕ್ಕೆ 130 ಮಿಲಿಸೆಕೆಂಡ್ ಮೊದಲೇ ಚಾಲಕರ ಉದ್ದೇಶವನ್ನು ಪತ್ತೆಹಚ್ಚಬಹುದೆಂದು ತೋರಿಸಿದರು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದರಿಂದ ಉಳಿಯುವ ದೂರ 3.66 ಮೀಟರ್: ಒಂದು ಸಣ್ಣ ಕಾರಿನಷ್ಟು ಉದ್ದ.