ಇಂಗ್ಲಿಷ್ ಹಾಡು ಕೇಳುವವರಿಗೊಂದು ಕೈಪಿಡಿ

ಹಾಡು ಕೇಳಿ ಇಂಗ್ಲಿಷ್ ಕಲಿಯಬಹುದೇ? ಧಾರಾಳವಾಗಿ ಕಲಿಯಬಹುದು. ಆದರೆ ಹಾಡು ಮೊದಲು ಪಳಗಿಸುವುದು ಕಿವಿಯನ್ನು, ಆಮೇಲೆ ನಾಲಿಗೆಯನ್ನು. ವ್ಯಾಕರಣದ ಸರದಿ ಬರುವುದು ಕೊನೆಗೆ. ಈ ಕ್ರಮ ತಪ್ಪಿಸಿ, ಮೊದಲ ದಿನವೇ ಸಾಹಿತ್ಯದ ಹಾಳೆ, ನಿಘಂಟು ಎರಡನ್ನೂ ಮುಂದಿಟ್ಟುಕೊಂಡು ಕೂತರೆ ಹಾಡೂ ದಕ್ಕುವುದಿಲ್ಲ, ಭಾಷೆಯೂ ದಕ್ಕುವುದಿಲ್ಲ.

ಯಾವ ಹಾಡಿನಿಂದ ಶುರು ಮಾಡಬೇಕು? ಮೊಮ್ಮಕ್ಕಳು ಕೇಳುವ ರ‍್ಯಾಪ್ ಸದ್ಯಕ್ಕೆ ಬೇಡ. ಅದು ಇಂಗ್ಲಿಷ್ ಚೆನ್ನಾಗಿ ಬಂದವರನ್ನೂ ಸುಸ್ತು ಮಾಡುತ್ತದೆ. ನಿಧಾನ ಲಯವಿರಲಿ, ವಾದ್ಯದ ಗದ್ದಲ ಕಡಿಮೆಯಿರಲಿ, ಹಾಡುವವರು ಪದ ನುಂಗದಿರಲಿ. ಎಪ್ಪತ್ತರ ದಶಕದ ಕಾರ್ಪೆಂಟರ್ಸ್ ತಂಡದ ಕ್ಯಾರೆನ್ ಕಾರ್ಪೆಂಟರ್ ಅವರ ಉಚ್ಚಾರ ಅಷ್ಟು ಸ್ವಚ್ಛ, ಒಂದೊಂದು ಅಕ್ಷರವೂ ಬಿಡಿಸಿಟ್ಟಂತೆ ಕೇಳುತ್ತದೆ. ಹೊಸಬರಿಗೆ ಅವರಿಗಿಂತ ಒಳ್ಳೆಯ ಮೇಡಂ ಸಿಗುವುದು ಕಷ್ಟ.

ಆಮೇಲೆ ಬೀಟಲ್ಸ್‌ನ ‘ಯೆಸ್ಟರ್‌ಡೇ’ಗೆ ಬನ್ನಿ. 1965ರ ಹಾಡು, ಎರಡೇ ನಿಮಿಷದ್ದು. ಪಾಲ್ ಮೆಕಾರ್ಟ್ನಿ, ಒಂದು ಗಿಟಾರ್, ಹಿಂದೆ ನಾಲ್ಕು ತಂತಿವಾದ್ಯ. ಇಲ್ಲಿ ಮೊದಲು ಹುಟ್ಟಿದ್ದು ರಾಗ. ಮಾತು ಹೊಳೆಯುವವರೆಗೆ ಮೆಕಾರ್ಟ್ನಿ ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಎಂದು ಹಾಡಿಕೊಳ್ಳುತ್ತಿದ್ದರಂತೆ. ಟ್ಯೂನಿಗೆ ಪದ ಕೂಡಿಸುವ ಕಷ್ಟ ನಮ್ಮ ಸಿನಿಮಾ ಕವಿಗಳಿಗೆ ಗೊತ್ತಿದ್ದದ್ದೇ. ಆ ರಾಗಕ್ಕೆ ಮೂರು ತುಂಡಿನ ಪದ ಬೇಕಿತ್ತು, ಒತ್ತು ಮೊದಲ ತುಂಡಿನ ಮೇಲೇ ಬೀಳಬೇಕಿತ್ತು. ‘ಯೆಸ್ಟರ್‌ಡೇ’ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಾನ ಮರ್ಯಾದೆ ಕೊಡುತ್ತೇವೆ. ಇಂಗ್ಲಿಷ್ ಒಂದನ್ನು ಎತ್ತಿ ಹಿಡಿದು ಉಳಿದವನ್ನು ತುಳಿಯುತ್ತದೆ. ಯಾವುದನ್ನು ಎತ್ತಬೇಕು ಎಂಬುದನ್ನು ನಿಘಂಟಿನ ಗೆರೆಗಿಂತ ರಾಗ ಚೆನ್ನಾಗಿ ತೋರಿಸುತ್ತದೆ.

ಇದೇ ಹಾಡಿನಲ್ಲಿ ‘ಯೂಸ್ಡ್ ಟು’ ಬರುವ ಜಾಗ ಕಾದು ಕೇಳಿ. ಹಾಳೆಯ ಮೇಲೆ ಎರಡು ಪದ. ಕಿವಿಗೆ ಬೀಳುವುದು ‘ಯೂಸ್ಟು’ ಅಂತ ಒಂದೇ. ಮೊದಲು ಹಾಗಿತ್ತು, ಈಗ ಇಲ್ಲ ಎನ್ನುವ ಕೊರಗೆಲ್ಲ ಆ ಒಂದು ಪ್ರಯೋಗದಲ್ಲಿದೆ. ಇಡೀ ಹಾಡು ನಿನ್ನೆಗೂ ಇವತ್ತಿಗೂ ನಡುವೆ ಓಡಾಡುವುದರಿಂದ ಭೂತಕಾಲ, ವರ್ತಮಾನಕಾಲಗಳ ವ್ಯತ್ಯಾಸ ಇಲ್ಲಿ ಬರೀ ಪಾಠವಾಗಿ ಉಳಿಯುವುದಿಲ್ಲ, ನೋವಾಗಿ ತಟ್ಟುತ್ತದೆ.

ನನ್ನ ಮಟ್ಟಿಗೆ ಕಲಿಯುವವರ ಪಾಲಿನ ಅತ್ಯುತ್ತಮ ಹಾಡು 1988ರಲ್ಲಿ ಬಂದ ಟ್ರೇಸಿ ಚಾಪ್ಮನ್ ಅವರ ‘ಫಾಸ್ಟ್ ಕಾರ್’. ಅದೊಂದು ಸಣ್ಣಕತೆ. ಕುಡುಕ ಅಪ್ಪನನ್ನು ನೋಡಿಕೊಳ್ಳಲು ಓದು ಬಿಟ್ಟ ಹುಡುಗಿ, ಊರು ಬಿಡುವ ಆಸೆ, ಅಂಗಡಿಯ ಕೆಲಸ, ಕಡೆಗೆ ಅಪ್ಪನಂತೆಯೇ ಆಗಿಹೋದ ಗೆಳೆಯ. ಶೆಲ್ಟರ್, ಸಬರ್ಬ್, ಚೆಕ್ಔಟ್ ಮುಂತಾದ ಪದಗಳು ಅವಳ ಬದುಕಿನೊಳಗಿಂದಲೇ ಬರುವುದರಿಂದ ಬಾಯಿಪಾಠ ಮಾಡದೆಯೂ ನೆನಪಿನಲ್ಲಿ ಉಳಿಯುತ್ತವೆ. ಚರಣದಲ್ಲಿ ಅವಳು ಇವತ್ತಿನ ಮಾತಾಡುತ್ತಾಳೆ, ನಾಳೆಯ ಲೆಕ್ಕ ಹಾಕುತ್ತಾಳೆ. ಪಲ್ಲವಿಗೆ ಬಂದಾಗ ಕ್ರಿಯಾಪದಗಳು ಭೂತಕಾಲಕ್ಕೆ ಜಾರುತ್ತವೆ, ಕಾರಿನಲ್ಲಿ ಹೋಗುತ್ತಿದ್ದ ಒಂದು ರಾತ್ರಿ ನೆನಪಾಗುತ್ತದೆ. ಈ ಜಾರುವಿಕೆ ಕಿವಿಗೆ ಬಿದ್ದ ದಿನ ನಿಮಗೆ ಹಾಡೂ ಅರ್ಥವಾಯಿತು, ಕಾಲವೂ ಅರ್ಥವಾಯಿತು.

ಜೊತೆಗೆ ದನಿಗೂಡಿಸಿ ಹಾಡಿ ನೋಡಿ, ಮುಜುಗರ ಬೇಡ. ಬಸ್ಸು, ಕಾರು, ರೋಡು ಎಂದು ಇಂಗ್ಲಿಷ್ ಪದಕ್ಕೆಲ್ಲ ಉಕಾರ ಹಚ್ಚುವುದು ನಮ್ಮ ಜಾಯಮಾನ. ‘ಫಾಸ್ಟು ಕಾರು’ ಎಂದರೆ ನಾಲ್ಕು ಅಕ್ಷರವಾಯಿತು. ಚಾಪ್ಮನ್ ಎರಡೇ ಉಸಿರಿನ ಏಟಿನಲ್ಲಿ ಮುಗಿಸುತ್ತಾರೆ. ನೀವು ಉಕಾರ ಹಚ್ಚಿದಿರೋ, ಗಿಟಾರ್ ಮುಂದೆ ಹೋಗಿರುತ್ತದೆ, ನೀವು ಹಿಂದೆ ಉಳಿದಿರುತ್ತೀರಿ. ಯಾವ ಮೇಷ್ಟರೂ ಇಷ್ಟು ಬೇಗ ಈ ಚಟ ಬಿಡಿಸಲಾರರು.

ಇನ್ನು ಹಾಡು ಕೆಡಿಸುವ ವ್ಯಾಕರಣದ ವಿಚಾರ. ಈ ಚಾಪ್ಮನ್ ಅವರೇ ‘ಹ್ಯಾವ್’ ಇರಬೇಕಾದ ಕಡೆ ಬರೀ ‘ಗಾಟ್’ ಹಾಡುತ್ತಾರೆ. ರೋಲಿಂಗ್ ಸ್ಟೋನ್ಸ್ ತಂಡದ 1965ರ ‘ಸ್ಯಾಟಿಸ್ಫ್ಯಾಕ್ಷನ್’ನಲ್ಲಿ ಒಂದೇ ಮಾತಿಗೆ ಎರಡು ನಿಷೇಧ. ಬಾಬ್ ಡಿಲನ್ ಅವರ 1969ರ ‘ಲೇ ಲೇಡಿ ಲೇ’ ಶೀರ್ಷಿಕೆಯಲ್ಲೇ ಎಡವುತ್ತದೆ: ಮಲಗು ಎನ್ನಲು ‘ಲೈ’ ಬೇಕು, ‘ಲೇ’ ಎಂದರೆ ಮಲಗಿಸು. 2016ರಲ್ಲಿ ಡಿಲನ್‌ಗೆ ನೊಬೆಲ್ ಕೊಟ್ಟವರು ಇದಕ್ಕೆ ಅಂಕ ಕಳೆಯಲಿಲ್ಲ. ನಿಮ್ಮ ಪರೀಕ್ಷಕರು ಕಳೆಯುತ್ತಾರೆ. ಬಿಯಾನ್ಸೆ 2008ರಲ್ಲಿ ‘ಇಫ್ ಐ ವರ್ ಎ ಬಾಯ್’ ಎಂದರು, ಪ್ರಿನ್ಸ್ 1987ರಲ್ಲಿ ‘ಇಫ್ ಐ ವಾಸ್ ಯುವರ್ ಗರ್ಲ್‌ಫ್ರೆಂಡ್’ ಎಂದಿದ್ದರು. ಜನ ಎರಡನ್ನೂ ಆಡುತ್ತಾರೆ, ಅರ್ಜಿಯಲ್ಲಿ ಬರೆಯುವಾಗ ಬಿಯಾನ್ಸೆಯನ್ನು ನಂಬಿ. ಇವನ್ನೆಲ್ಲ ತಪ್ಪು ಎಂದು ಕೆಂಪು ಶಾಯಿ ಹಚ್ಚುವುದು ಅರಸಿಕತನ. ಮಾತಿನ ಇಂಗ್ಲಿಷ್ ಬೇರೆ, ಪತ್ರದ ಇಂಗ್ಲಿಷ್ ಬೇರೆ, ಧಾರವಾಡದ ಮಾತಿಗೂ ಪಠ್ಯಪುಸ್ತಕಕ್ಕೂ ಇರುವಷ್ಟೇ ಅಂತರ.

ಪ್ರೇಮಗೀತೆಗಳನ್ನೇ ಕೇಳುತ್ತ ಕೂತರೆ ಹೃದಯ, ರಾತ್ರಿ, ಕಣ್ಣೀರು ದಾಟಿ ಪದಸಂಪತ್ತು ಬೆಳೆಯುವುದಿಲ್ಲ. ಕತೆ ಹೇಳುವ ಹಾಡು ಹುಡುಕಿ. ಬೀಟಲ್ಸ್‌ನ 1966ರ ‘ಎಲಿನರ್ ರಿಗ್ಬಿ’ಯಲ್ಲಿ ಚರ್ಚು, ಪಾದ್ರಿ, ಕಾಲುಚೀಲ, ಸಮಾಧಿ ಎಲ್ಲ ಉಂಟು, ಮದುವೆಯ ಅಕ್ಕಿಯೂ ಉಂಟು. ನಾವು ಅಕ್ಷತೆ ಹಾಕಿದಂತೆ ಅವರೂ ವಧೂವರರ ಮೇಲೆ ಅಕ್ಕಿ ಎರಚುತ್ತಾರೆಂದು ತಿಳಿದವರಿಗೆ ಆ ಸಾಲು ಇನ್ನಷ್ಟು ಚುಚ್ಚುತ್ತದೆ.

ಸಾಹಿತ್ಯದ ಹಾಳೆಯ ವಿಷಯಕ್ಕೆ ಒಂದು ಎಚ್ಚರಿಕೆ. 1967ರಲ್ಲಿ ಬೀಟಲ್ಸ್ ‘ಸಾರ್ಜೆಂಟ್ ಪೆಪ್ಪರ್’ ತಟ್ಟೆಯ ಹೊದಿಕೆಯ ಹಿಂಬದಿಯಲ್ಲೇ ಹಾಡುಗಳ ಪೂರ್ತಿ ಸಾಹಿತ್ಯ ಅಚ್ಚು ಹಾಕಿಸಿದರು. ಅಂಥದ್ದು ಸಿಕ್ಕರೆ ಕಣ್ಣುಮುಚ್ಚಿ ನಂಬಿ. ಅಂತರ್ಜಾಲದಲ್ಲಿ ಯಾರೋ ಕಿವಿಗೆ ಕೇಳಿಸಿದಂತೆ ಬರೆದಿಟ್ಟದ್ದನ್ನು ಮಾತ್ರ ಎರಡು ಕಡೆ ತಾಳೆ ನೋಡಿ. ವಾರಕ್ಕೆ ಒಂದು ಹಾಡು ಸಾಕು. ಮೊದಲ ಎರಡು ದಿನ ಹಾಳೆ ಮುಟ್ಟದೆ ಕೇಳಿ, ಕೇಳಿಸಿದಷ್ಟನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ, ಮೂರನೆಯ ದಿನ ಅಚ್ಚಿನ ಸಾಹಿತ್ಯದ ಪಕ್ಕದಲ್ಲಿಟ್ಟು ಹೋಲಿಸಿ.