ಬೆನ್ ಹೋಗನ್ನನ ಗಾಜಿನ ಹಲಗೆ: ಒಂದು ವಿಮರ್ಶೆ

ಆಟ ಕಲಿಸುವ ಕೈಪಿಡಿಗಳನ್ನು ಚರಿತ್ರೆಯ ಆಕರಗಳೆಂದು ಎಣಿಸುವ ವಾಡಿಕೆ ನಮ್ಮ ವಿದ್ವದ್ವಲಯದಲ್ಲಿ ಅಷ್ಟಾಗಿ ಇಲ್ಲ. ಶಾಸನವನ್ನೋ ಕೈಫಿಯತ್ತನ್ನೋ ಓದುವಾಗ ನಾವು ಕೇಳುವ ಪ್ರಶ್ನೆಗಳನ್ನು, ಎಂದರೆ ಬರೆದವನಾರು, ಯಾವ ಕಷ್ಟದಲ್ಲಿದ್ದಾಗ ಬರೆದನು, ಯಾರಿಗಾಗಿ ಬರೆದನು ಎಂಬುವನ್ನು, ಇಂತಹ ಪುಸ್ತಕಗಳ ಮುಂದೆ ನಾವು ಇಡುವುದಿಲ್ಲ. ಅದರ ಫಲವಾಗಿ ಒಬ್ಬ ವ್ಯಕ್ತಿಯ ಸಾಕ್ಷ್ಯವು ಎಲ್ಲರಿಗೂ ಅನ್ವಯಿಸುವ ಶಾಸ್ತ್ರವಾಗಿ ನಿಂತುಬಿಡುತ್ತದೆ. 1957ರಲ್ಲಿ ಹೊರಬಂದ ಬೆನ್ ಹೋಗನ್ನನ ‘ಫೈವ್ ಲೆಸನ್ಸ್’ ಎಂಬ ಗ್ರಂಥಕ್ಕೆ ಒದಗಿದ ಗತಿ ಇದೇ ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬು ಸ್ಥಾಪಿತವಾಗಿದ್ದರೂ ಈ ಆಟದ ಪರಿಭಾಷೆ ಕನ್ನಡದಲ್ಲಿ ನೆಲೆಗೊಂಡಿಲ್ಲ. ಆದುದರಿಂದ ‘ಸ್ವಿಂಗ್’ ಎಂಬುದನ್ನು ಇಲ್ಲಿ ‘ಬೀಸು’ ಎಂದೇ ಕರೆಯುತ್ತೇವೆ. ಬೀಸನ್ನು ಬರಹದಲ್ಲಿ ಕಲಿಸುವ ಯತ್ನ ಹಳೆಯದು. 1687ರಲ್ಲಿಯೇ ಎಡಿನ್‌ಬರೋದ ವೈದ್ಯವಿದ್ಯಾರ್ಥಿ ತಾಮಸ್ ಕಿನ್‌ಕೇಡನು ತನ್ನ ದಿನಚರಿಯಲ್ಲಿ, ಕತ್ತಿವರಸೆಯಲ್ಲಿ ನಿಲ್ಲುವಂತೆ ನಿಲ್ಲಬೇಕೆಂದು ಬರೆದುಕೊಂಡನು. ಬೀಸುವವನಿಗೆ ತನ್ನ ಬೀಸು ಕಾಣುವುದಿಲ್ಲ. ಆದ್ದರಿಂದ ಬೇರೊಂದು ವಸ್ತುವಿನ ಆಸರೆ ಬೇಕಾಗುತ್ತದೆ. ಇಂದು ಮಾರಾಟವಾಗುವ ತೂಕದ ಕೋಲುಗಳು, ತೋಳುಗಳನ್ನು ಬಿಗಿಯುವ ಪಟ್ಟಿಗಳು, ಬಳೆಯಾಕಾರದ ಚೌಕಟ್ಟುಗಳು ಎಲ್ಲವೂ ಈ ಅಗತ್ಯದ ಸಂತಾನವೇ.

ಹೋಗನ್ನನ ಗ್ರಂಥದಲ್ಲಿ ಈ ಆಸರೆ ಒಂದು ಕಲ್ಪನೆ. ಚೆಂಡಿನಿಂದ ಆಟಗಾರನ ಭುಜಗಳವರೆಗೆ ಓರೆಯಾಗಿ ಒರಗಿದ ಒಂದು ದೊಡ್ಡ ಗಾಜಿನ ಹಲಗೆ, ಅದರಲ್ಲೊಂದು ರಂಧ್ರ, ರಂಧ್ರದಿಂದ ಹೊರಬಂದಿರುವ ತಲೆ. ಕೋಲನ್ನು ಹಿಂದಕ್ಕೆ ಎತ್ತುವಾಗ ತೋಳುಗಳು ಗಾಜಿನ ಕೆಳಗೇ ಸಾಗಬೇಕು, ಗಾಜು ಒಡೆಯಬಾರದು. ಅಂಗರಚನೆಯ ಚಿತ್ರಣದಲ್ಲಿ ಪಳಗಿದ ಆಂಟನಿ ರಾವಿಯೆಲ್ಲಿ ಬರೆದ ಚಿತ್ರಗಳು ಈ ಕಲ್ಪನೆಗೆ ಎಂತಹ ಬಲವನ್ನು ಕೊಟ್ಟಿವೆಯೆಂದರೆ, ಹರ್ಬರ್ಟ್ ವಾರೆನ್ ವಿಂಡನ ನೆರವಿನಿಂದ ಸಿದ್ಧವಾದ ಗದ್ಯವನ್ನು ಮರೆತವರೂ ಆ ಗಾಜನ್ನು ಮರೆಯಲಾರರು. ಕಣ್ಣಿಗೆ ಕಟ್ಟಿದುದು ಪ್ರಮಾಣವೆನಿಸಿಕೊಳ್ಳುವ ಅಪಾಯವೂ ಇಲ್ಲಿಂದಲೇ ಮೊದಲಾಗುತ್ತದೆ.

ಗ್ರಂಥವನ್ನು ಗಮನವಿಟ್ಟು ಓದಿದರೆ ಗಾಜು ಒಂದೇ ಅಲ್ಲವೆಂದು ತಿಳಿಯುತ್ತದೆ. ಕೋಲು ಕೆಳಗಿಳಿಯುವಾಗ ತಲವು ಬದಲಾಗುತ್ತದೆ. ಅದರ ಓರೆ ಕಡಿಮೆ ಕಡಿದಾಗಿ, ಗುರಿಯ ಬಲಕ್ಕೆ ತುಸು ತಿರುಗುತ್ತದೆ ಎಂದು ಹೋಗನ್ ಸ್ಪಷ್ಟವಾಗಿಯೇ ಹೇಳಿದ್ದಾನೆ. ಬಳೆಯಾಕಾರದ ಚೌಕಟ್ಟುಗಳಾದರೋ ಏರುವಾಗಲೂ ಇಳಿಯುವಾಗಲೂ ಕೋಲನ್ನು ಒಂದೇ ತಲದ ಮೇಲೆ ಜಾರಿಸುತ್ತವೆ. ಹೋಗನ್ನನ ಗಾಜನ್ನು ನೆನಪಿಸುವ ಈ ಸಾಧನಗಳಲ್ಲಿ ಅವನ ಉಪದೇಶದ ಅರ್ಧಭಾಗವೇ ಕಾಣದು. ಕಲ್ಪನೆಯಲ್ಲಿದ್ದ ಗಾಜು ಕದಲಬಲ್ಲುದು, ಕಬ್ಬಿಣದ ಬಳೆ ಕದಲಲಾರದು. ಇದು ಗ್ರಂಥಕರ್ತನ ದೋಷವಲ್ಲ. ಅಂತಹ ಯಂತ್ರವನ್ನು ಮಾಡಿಸಿರೆಂದು ಅವನು ಯಾರಿಗೂ ಹೇಳಲಿಲ್ಲ.

ಅವನ ದೋಷವಿರುವುದು ಬೇರೆಡೆ. ಹೋಗನ್ ತನ್ನ ಆರಂಭದ ವರ್ಷಗಳಲ್ಲಿ ಹುಕ್‌ನಿಂದ, ಎಂದರೆ ಚೆಂಡು ರಭಸದಿಂದ ಎಡಕ್ಕೆ ಬಾಗಿ ಹೋಗುವ ದೋಷದಿಂದ, ಬಹಳ ನೊಂದವನು. ಅದಕ್ಕೆ ತಾನು ಕಂಡುಕೊಂಡ ಪರಿಹಾರವನ್ನು 1955ರ ಆಗಸ್ಟಿನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ‘ರಹಸ್ಯ’ವೆಂದು ಬಹಿರಂಗಪಡಿಸಿದನು: ಎಡಗೈ ಹಿಡಿತವನ್ನು ಬದಲಿಸುವುದು, ಬೀಸಿನ ತುದಿಯಲ್ಲಿ ಎಡ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವುದು. ಸಾಧಾರಣ ಆಟಗಾರನಿಗೆ ಇದರಿಂದ ಪ್ರಯೋಜನವಿಲ್ಲವೆಂದು ಅಲ್ಲಿ ಅವನೇ ಎಚ್ಚರಿಸಿದ್ದನು. ಎರಡು ವರ್ಷಗಳ ತರುವಾಯ ಬಂದ ಗ್ರಂಥದಲ್ಲಿಯೂ ಹಿಡಿತವು ಅದೇ ಒಲವಿನದು. ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಕೋನವು ಬಲಗಣ್ಣನ್ನು ತೋರಬೇಕು. ಆದರೆ ಈಗ ಅದು ಎಲ್ಲರಿಗೂ ಸಲ್ಲುವ ‘ಮೂಲತತ್ತ್ವ’; ಸಾಮಾನ್ಯನೂ ಇದನ್ನನುಸರಿಸಿ 80ಕ್ಕಿಂತ ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಬಹುದೆಂಬ ಭರವಸೆಯೂ ಜೊತೆಗಿದೆ. ಹೊಸಬರಲ್ಲಿ ಬಹುಮಂದಿಯ ಕಷ್ಟವಾದರೋ ಇದಕ್ಕೆ ತದ್ವಿರುದ್ಧ. ಅವರ ಚೆಂಡು ಬಲಕ್ಕೆ ಬಾಗುತ್ತದೆ. ಒಬ್ಬ ರೋಗಿಯ ಔಷಧವನ್ನು ವಿರುದ್ಧ ರೋಗದವನಿಗೆ ಕುಡಿಸಿದಂತಾಯಿತು.

ಇದರೊಡನೆ ಅರ್ನೆಸ್ಟ್ ಜೋನ್ಸ್‌ನ ‘ಸ್ವಿಂಗ್ ದಿ ಕ್ಲಬ್‌ಹೆಡ್’ ಎಂಬ 1952ರ ಪುಸ್ತಕವನ್ನು ಹೋಲಿಸುವುದು ಅವಶ್ಯಕ. ಮೊದಲನೆಯ ಮಹಾಯುದ್ಧದಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ ಈ ಇಂಗ್ಲಿಷ್ ಆಟಗಾರನು ಒಂದೇ ಕಾಲಿನಲ್ಲಿ ನಿಂತು ಮತ್ತೆ ಆಡಿ, ಮುಂದೆ ನ್ಯೂಯಾರ್ಕಿನಲ್ಲಿ ಪ್ರಸಿದ್ಧ ಶಿಕ್ಷಕನಾದನು. ಕಾಲುಗಳ ಬಗ್ಗೆ ಗುರುಗಳು ಹೇಳುತ್ತಿದ್ದ ಮಾತೆಲ್ಲ ಅವನ ದೇಹದಲ್ಲಿಯೇ ಪರೀಕ್ಷೆಗೆ ಒಳಗಾಗಿತ್ತು. ಅವನ ಸಾಧನ ಕರವಸ್ತ್ರದ ತುದಿಗೆ ಕಟ್ಟಿದ ಒಂದು ಕಿರುಚಾಕು. ಅದನ್ನು ತೂಗಿದರೆ ವಸ್ತ್ರ ಬಿಗಿಯಾಗಿರುತ್ತದೆ. ಬಲಾತ್ಕಾರದಿಂದ ತಳ್ಳಿದರೆ ಒಡನೆ ಸಡಿಲಗೊಂಡು ಕಲಿಯುವವನ ತಪ್ಪನ್ನು ತಿಳಿಸುತ್ತದೆ. ಕರವಸ್ತ್ರವು ಯಾರನ್ನೂ ಕಟ್ಟಿಹಾಕುವುದಿಲ್ಲ, ಸುದ್ದಿಯನ್ನಷ್ಟೇ ಕೊಡುತ್ತದೆ.

ಪ್ರಯೋಗಶಾಲೆಯ ಸಾಕ್ಷ್ಯವೂ ಜೋನ್ಸನ ಕಡೆಗೇ ವಾಲುತ್ತದೆ. ಸಾಲ್ಮೊನಿ, ಶ್ಮಿಟ್, ವಾಲ್ಟರ್ ಎಂಬ ಮೂವರು 1984ರಲ್ಲಿ ಪ್ರಕಟಿಸಿದ ಪರಿಶೀಲನೆಯ ಸಾರವಿದು: ಎಡೆಬಿಡದ ಮಾರ್ಗದರ್ಶನವು ಇರುವಷ್ಟು ಹೊತ್ತು ಕೆಲಸವನ್ನು ಉತ್ತಮಗೊಳಿಸಬಹುದು, ಆದರೆ ಕಲಿಯುವವನು ಅದಕ್ಕೇ ಒಗ್ಗಿಕೊಂಡರೆ ಅದನ್ನು ತೆಗೆದಾಗ ಕಲಿಕೆ ಕುಸಿಯುತ್ತದೆ. (ಪರೀಕ್ಷೆಗೆ ಮುನ್ನ ಟಿಪ್ಪಣಿ ಬರೆಯಿಸುವ ನಾವು ಇದನ್ನು ಓದಿ ಸ್ವಲ್ಪ ಸಂಕೋಚಪಡಬೇಕು.) 1999ರಲ್ಲಿ ವುಲ್ಫ್ ಮತ್ತು ಸಂಗಡಿಗರು ಹೊಸಬರಿಗೆ ಗಾಲ್ಫಿನ ಕಿರುಹೊಡೆತವನ್ನು ಕಲಿಸಿದಾಗ, ತಮ್ಮ ತೋಳುಗಳ ಮೇಲೆ ಗಮನವಿಟ್ಟವರಿಗಿಂತ ಕೋಲಿನ ಚಲನೆಯ ಮೇಲೆ ಗಮನವಿಟ್ಟವರು ಮೇಲಾಗಿ ಕಲಿತರು.

ಹಾಗೆಂದು ಜೋನ್ಸನಿಗೆ ಪೂರ್ಣ ವಿಜಯವನ್ನು ಕೊಡಲು ನಾವು ಸಿದ್ಧರಿಲ್ಲ. ಕಾಕ್ರನ್ ಮತ್ತು ಸ್ಟಾಬ್ಸ್ ಅವರ 1968ರ ಗ್ರಂಥವು ತೋರಿಸಿದಂತೆ, ಕೋಲಿಗೂ ಚೆಂಡಿಗೂ ಸಂಪರ್ಕವಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಆ ಕ್ಷಣದಲ್ಲಿ ಕೋಲಿನ ಮುಖವು ಎತ್ತ ನೋಡುತ್ತಿದೆಯೆಂಬುದೇ ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕರವಸ್ತ್ರಕ್ಕೆ ಮುಖವಿಲ್ಲ. ಗಾಜಿನ ಹಲಗೆಯೂ ಮುಖದ ವಿಚಾರದಲ್ಲಿ ಮೌನ. ವಿಚಿತ್ರವೆಂದರೆ ಹೋಗನ್ನನ 1955ರ ರಹಸ್ಯವೆಲ್ಲವೂ ಈ ಮುಖವನ್ನು ಕುರಿತದ್ದೇ! ಅವನನ್ನು ಹುಕ್‌ನಿಂದ ಬಿಡಿಸಿದುದು ಮಣಿಕಟ್ಟು. ಗ್ರಂಥದಿಂದ ಲೋಕಪ್ರಸಿದ್ಧವಾದುದು ಗಾಜು.

ಸಾಧನವು ಆಟದ ಅಂಗವಲ್ಲವೆಂಬುದನ್ನು ನಿಯಮಕರ್ತರು ಮಾತ್ರ ಕಟ್ಟುನಿಟ್ಟಾಗಿ ಗಣಿಸಿದ್ದಾರೆ. 2010ರಲ್ಲಿ ಅಮೆರಿಕದ ಆರೆಗನ್ ಪ್ರಾಂತದಲ್ಲಿ ನಡೆದ ಪಂದ್ಯವೊಂದರಲ್ಲಿ, ತನ್ನ ಸರದಿಗಾಗಿ ಕಾಯುತ್ತಿದ್ದ ಜೂಲಿ ಇಂಕ್‌ಸ್ಟರ್ ಕೋಲಿಗೆ ತೂಕದ ಉಂಗುರ ತೊಡಿಸಿ ಬೀಸಿದಳೆಂಬ ಕಾರಣಕ್ಕೆ ಪಂದ್ಯದಿಂದಲೇ ಹೊರಗಾದಳು. ಇಂದಿನ ನಿಯಮಾವಳಿಯಲ್ಲಿಯೂ ಪಂದ್ಯದ ನಡುವೆ ಅಂತಹ ಉಂಗುರದಿಂದ ಅಭ್ಯಾಸದ ಬೀಸಿಗೆ ಅವಕಾಶವಿಲ್ಲ.

ಹೋಗನ್ 1949ರ ಭೀಕರ ಮೋಟಾರು ಅಪಘಾತದಿಂದ ಎದ್ದು ಮರುವರ್ಷವೇ ಅಮೆರಿಕದ ಓಪನ್ ಪ್ರಶಸ್ತಿಯನ್ನು ಗೆದ್ದವನು. ಅವನ ಮಾತಿಗೆ ಬಂದ ಗೌರವ ಸಹಜವೇ. ಆ ಗೌರವಕ್ಕೆ ಭಂಗವಿಲ್ಲದೆ ಒಂದು ಕೆಲಸ ಮಾಡಬಹುದಾಗಿದೆ: 1955ರ ಲೇಖನವನ್ನು ಗ್ರಂಥದ ಹಿಡಿತದ ಅಧ್ಯಾಯಕ್ಕೆ ಎದುರಾಗಿಟ್ಟು ಅಚ್ಚುಮಾಡಿದರೆ, ಯಾವ ದೋಷಕ್ಕೆ ಯಾವ ಪರಿಹಾರವೆಂಬುದನ್ನು ಓದುಗನೇ ಕಂಡುಕೊಂಡಾನು.