ಹೆಡ್ ಪ್ಯಾಕಿಂಗಿಗೆ ಪೇಸ್ಟ್ ಯಾಕೆ?

ಹಳೆಯ ಬುಲೆಟ್ಟಿನ ಹೆಡ್ ಜಾಯಿಂಟಿನಲ್ಲಿ ಆಯಿಲ್ ಜಿನುಗಿದರೆ ಸಾಮಾನ್ಯವಾಗಿ ಸಿಗುವ ಮದ್ದು ಒಂದೇ: ಹೆಡ್ ಬಿಚ್ಚು, ಪ್ಯಾಕಿಂಗಿನ ಎರಡೂ ಮಗ್ಗುಲಿಗೆ ಅನಾಬಾಂಡ್ ಸಿಲಿಕೋನ್ ಪೇಸ್ಟ್ ಬಳಿ, ಬಿಗಿ. ಗಾಡಿ ಮೇಚೇರಿ, ಮೆಟ್ಟೂರಿನ ಆಸುಪಾಸಿನಲ್ಲೇ ಓಡಾಡುವಷ್ಟು ದಿನ ಇದು ಗುಣವೆಂದೇ ಕಾಣುತ್ತದೆ. ಬೇಸಿಗೆಯಲ್ಲಿ ಹಿಂದೊಬ್ಬರನ್ನು ಕೂರಿಸಿಕೊಂಡು ತೊಪ್ಪೂರು ಘಾಟಿ ಹತ್ತಿದಾಗ ಬಣ್ಣ ಬಯಲಾಗುತ್ತದೆ.

ಲೆಕ್ಕ ಹಾಕಿ ನೋಡಿ. 350 ಬುಲೆಟ್ಟಿನ ಬೋರ್ 70 ಮಿಲಿಮೀಟರ್. ಪೆಟ್ರೋಲ್ ಉರಿಯುವ ಗಳಿಗೆಯಲ್ಲಿ ಚದರ ಸೆಂಟಿಮೀಟರಿಗೆ 30 ಕೆಜಿ ಒತ್ತಡ ಎಂದಿಟ್ಟುಕೊಂಡರೂ ಹೆಡ್ಡನ್ನು ಮೇಲಕ್ಕೆ ದೂಡುವ ಬಲ ಒಂದು ಟನ್ ದಾಟುತ್ತದೆ. ಅದನ್ನು ತಡೆಯುವುದು ಸ್ಟಡ್ಡುಗಳ ಬಿಗಿ, ಪ್ಯಾಕಿಂಗಿನ ಮೇಲೆ ಸುತ್ತಲೂ ಸಮನಾಗಿ ಬೀಳುವ ಒತ್ತು. ರಬ್ಬರಾಗುವ ಸಿಲಿಕೋನಿಗೆ ಅಲ್ಲಿ ಕೆಲಸವಿಲ್ಲ. ಬಿಗಿದಾಗ ಹಿಂಡಿಕೊಂಡು ಹೊರಬರುತ್ತದೆ, ಒಳಕ್ಕೆ ಹಿಂಡಿದ್ದು ಕಳಚಿ ಆಯಿಲಿಗೆ ಬೀಳುತ್ತದೆ. ಕ್ರ್ಯಾಂಕ್‌ಕೇಸ್ ಕವರಿಗೆ ಅದೇ ಪೇಸ್ಟ್ ಒಳ್ಳೆಯದೇ.

ಹಾಗೆಂದು ಮೆಕ್ಯಾನಿಕ್ಕನ್ನೇ ದೂರುವುದು ನ್ಯಾಯವಲ್ಲ, ತಂಟೆ ಇಂಜಿನ್ನಿನಲ್ಲೇ ಇದೆ. ಬುಲೆಟ್ಟಿನ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಸುಮಾರು ಎರಡರಷ್ಟು. ಪುಶ್‌ರಾಡ್ ಓಡುವ ತೂತುಗಳೂ ಇದೇ ಜಾಯಿಂಟನ್ನು ದಾಟುತ್ತವೆ, ರಾಕರ್‌ಗಳಿಗೆ ಏರಿದ ಆಯಿಲ್ ಕೆಳಗಿಳಿಯುವುದೂ ಅಲ್ಲೇ. ಬೆಂಕಿಯನ್ನೂ ಎಣ್ಣೆಯನ್ನೂ ಒಂದೇ ಪ್ಯಾಕಿಂಗ್ ಕಾಯಬೇಕು. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿಗಳಿಗೆ ಈ ಪಾಡಿಲ್ಲ. ಟೂ-ಸ್ಟ್ರೋಕ್ ಆದ್ದರಿಂದ ವಾಲ್ವೂ ಇಲ್ಲ, ಪುಶ್‌ರಾಡೂ ಇಲ್ಲ; ಹೆಡ್ಡೆಂದರೆ ಬರೀ ಮುಚ್ಚಳ. ಸೋಪಿನ ನೀರು ಹಚ್ಚಿ ಕಿಕ್ ಹೊಡೆದರೆ ಗ್ಯಾಸ್ ಸೋರುವ ಜಾಗವನ್ನು ಗುಳ್ಳೆಯೇ ತೋರಿಸುತ್ತದೆ. ಈ ಒಂದು ವಿಷಯದಲ್ಲಿ ನನ್ನ ಓಟು ಮೈಸೂರಿಗೆ, ಹೊಗೆ ಎಷ್ಟೇ ಕಣ್ಣುರಿಸಲಿ. ಆದರೆ ಅದಕ್ಕೂ ಎರಡೆರಡು ಪ್ಯಾಕಿಂಗ್ ಜೋಡಿಸಿದರೆ ಕಂಪ್ರೆಷನ್ ಇಳಿದು ಏರಿನಲ್ಲಿ ಗಾಡಿ ಎಳೆಯುವುದಿಲ್ಲ.

ಸರಿಯಾದ ಕೆಲಸ ನಿಧಾನದ್ದು. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಹೆಡ್ಡನ್ನು ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡುವುದು ಒಳ್ಳೆಯ ಪದ್ಧತಿ, ಆದರೆ ಬುಲೆಟ್ಟಿನಲ್ಲಿ ಕೈ ಹಿಡಿತ ಬೇಕು. ಬ್ಲಾಕಿನ ಬಾಯಿ ಹೆಡ್ಡಿನೊಳಗೆ ತುಸು ಹೋಗಿ ಕೂರುತ್ತದೆ; ಉಜ್ಜಿದ್ದು ಹೆಚ್ಚಾದರೆ ಆ ಅಂಚೇ ಮೊದಲು ತಾಗಿ ಪ್ಯಾಕಿಂಗಿಗೆ ಒತ್ತೇ ಸಿಗುವುದಿಲ್ಲ. ತಾಮ್ರದ ಪ್ಯಾಕಿಂಗ್ ಒಮ್ಮೆ ಒತ್ತು ತಿಂದರೆ ಗಡುಸಾಗುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ, ಉಕ್ಕಿನ ಗುಣಕ್ಕೆ ತದ್ವಿರುದ್ಧ. ಆಮೇಲೆ ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು. ಗಾಡಿ ಓಡಿಸಿ, ಪೂರ್ತಿ ಆರಲು ಬಿಟ್ಟು, ಇನ್ನೊಮ್ಮೆ ಬಿಗಿಯಬೇಕು.

ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು ಈ ಎರಡನೆಯ ಬಿಗಿತವೇ. ಸಂಜೆ ಗಾಡಿ ಒಯ್ದ ಗಿರಾಕಿ ಮರುದಿನ ಬೆಳಿಗ್ಗೆ ಅಂಗಡಿಗೆ ಬರುವುದಿಲ್ಲ, ಅವನು ಬರುವುದಿಲ್ಲವೆಂದು ಗೊತ್ತಿರುವ ಮೆಕ್ಯಾನಿಕ್ ಟ್ಯೂಬ್ ಒತ್ತುತ್ತಾನೆ.